ದಾರಿ ಮಾರಮ್ಮನ ಅಪ್ಪಣೆ

ಸೆಪ್ಟೆಂಬರ್ ೯, ೨೦೨೫, ಮಂಗಳವಾರ

ಧನುಶ್ರೀ ಮಲಗಿದ್ದಾಳೆ. ಮಗು ಮಲಗಿದಾಗ ತಾಯಿಯೂ ಮಲಗಿಬಿಡಬೇಕು ಎಂದು ಊರೆಲ್ಲ ಬುದ್ಧಿ ಹೇಳುತ್ತದೆ. ಮಗು ಉಸಿರಾಡುತ್ತಿದೆಯೇ ಎಂದು ಆಗ ನೋಡುವವರು ಯಾರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದಕ್ಕೇ ಬರೆಯುತ್ತ ಕೂತಿದ್ದೇನೆ. ಕೈಯಲ್ಲಿ ಪೆನ್ನಿದ್ದರೆ ಕಣ್ಣು ಮುಚ್ಚುವುದಿಲ್ಲ.

ಹೋದ ತಿಂಗಳು ಜ್ವರ ನೆತ್ತಿಗೇರಿ ಅವಳಿಗೆ ಫಿಟ್ಸ್ ಬಂದಾಗಿನಿಂದ ಹೀಗೆ. ಅವತ್ತು ರವಿ ಬೈಕು ಓಡಿಸಿದರು, ನಾನು ಹಿಂದೆ ಮಗುವನ್ನು ಅವುಚಿಕೊಂಡು ಕೂತೆ. ಕಾಡಿನ ರಸ್ತೆ ಹಿಡಿದು ನಂಜನಗೂಡಿನ ಆಸ್ಪತ್ರೆ ಸೇರಿದೆವು. ಹುಲ್ಲಹಳ್ಳಿ ಮೇಲೆ ಸುತ್ತಿಕೊಂಡು ಹೋಗಿದ್ದರೆ ಎರಡರಷ್ಟು ಹೊತ್ತು. ಆ ಹೆಚ್ಚಿನ ಹೊತ್ತಿನಲ್ಲಿ ಏನಾಗಿಬಿಡುತ್ತಿತ್ತು ಎಂದು ಯೋಚಿಸುವುದೇ ಈಗ ನನ್ನ ಉದ್ಯೋಗ. ಹಿಸ್ಟರಿ ಎಂ.ಎ. ಮಾಡಿದ್ದಕ್ಕೆ ಸಿಕ್ಕ ಮೊದಲ ಪೂರ್ಣಾವಧಿ ಕೆಲಸ.

ಅದೇ ರಸ್ತೆಯಲ್ಲಿ ರವಿ ಫ್ಯಾಕ್ಟರಿಯ ಸೆಕೆಂಡ್ ಶಿಫ್ಟ್ ಮುಗಿಸಿ ಬರುತ್ತಾರೆ. ಆನೆ ಅಡ್ಡ ನಿಂತಿದ್ದರೆ ಎಂದು ಅವರು ಬರುವ ತನಕ ಎದ್ದಿರುತ್ತೇನೆ. ಬಂದ ಮೇಲೆ, ಮಗುವಿಗೆ ಮತ್ತೆ ಜ್ವರ ಬಂದರೆ ಎಂದು ಎದ್ದಿರುತ್ತೇನೆ. ರಸ್ತೆ ಒಂದೇ, ಭಯ ಎರಡು.

ಇವತ್ತು ಪಂಚಾಯಿತಿಯವರು ಆಟೋಗೆ ಮೈಕು ಕಟ್ಟಿಕೊಂಡು ಕೂಗಿ ಹೋದರು. ಅರಣ್ಯದೊಳಗಿನ ಅನಗತ್ಯ ರಸ್ತೆಗಳನ್ನು ಮುಚ್ಚುವ ಬಗ್ಗೆ ನಾಳಿದ್ದು ಸಭೆ. ನಮ್ಮ ಕಾರೆಹುಂಡಿಯ ರಸ್ತೆಯೂ ಅನಗತ್ಯವಂತೆ.

“ಅನಗತ್ಯ ಅಂದ್ರೆ ಏನವ್ವ?” ಎಂದು ಅತ್ತೆ ಕೇಳಿದರು.

“ಬೇಡದ್ದು ಅಂತ, ಅತ್ತೆ.”

“ಯಾರ್ಗೆ?”

ಎಂ.ಎ.ಯಲ್ಲಿ ಇಂಥ ಪ್ರಶ್ನೆ ಇರಲಿಲ್ಲ.

ಸೆಪ್ಟೆಂಬರ್ ೧೧, ಗುರುವಾರ

ಸಭೆಗೆ ಹೋಗಿಬಂದೆ. ಸಮುದಾಯ ಭವನದ ಗೋಡೆಗೆ ‘ವನ್ಯಜೀವಿಗಳಿಗೆ ದಾರಿ ಬಿಡಿ’ ಎಂದು ದೊಡ್ಡ ಬ್ಯಾನರ್ ಕಟ್ಟಿದ್ದರು. ಅದರ ಮೇಲೊಂದು ಜಿರಾಫೆ.

ನನ್ನ ಮಾವ ಹುಚ್ಚಯ್ಯನವರು ಹುಟ್ಟಿದಾಗಿನಿಂದ ಈ ಕಾಡಿನ ಅಂಚಿನಲ್ಲೇ ಇರುವವರು. ಎದ್ದು ನಿಂತು ಕೇಳಿದರು: “ಸಾ, ಈ ಪ್ರಾಣಿ ಯಾವ ಕಡೆ ಅದೆ? ನಾನ್ ಒಂದಪನೂ ನೋಡ್ನಿಲ್ವಲ್ಲ.”

“ಅದು ಡಿಸೈನ್ ಮಾಡಿದವನ ತಪ್ಪು. ಮುಂದಿನ ವಿಷಯ ನೋಡೋಣ,” ಎಂದರು ರೇಂಜ್ ಆಫೀಸರ್ ರಾಮಚಂದ್ರ.

ಮುಂದಿನ ವಿಷಯ ಇದು: ಆನೆಗಳು ಕೆರೆಗೆ ನೀರಿಗೆ ಬರುವ ಹಾದಿಯನ್ನು ಈ ರಸ್ತೆ ಅಡ್ಡ ಸೀಳುತ್ತದೆ. ಕತ್ತಲಾದ ಮೇಲೂ ಗಾಡಿಗಳು ನಿಲ್ಲುವುದಿಲ್ಲ. ಆನೆಗಳು ಬೆಳಕಿಗೆ ಬೆದರಿ ಹಿಂದೆ ತಿರುಗಿ, ನೀರು ಸಿಗದ ಸಿಟ್ಟಿನಲ್ಲಿ ನಮ್ಮ ರಾಗಿ ಹೊಲಕ್ಕೆ ನುಗ್ಗುತ್ತವೆ. ಇಲಾಖೆಯ ಕ್ಯಾಮೆರಾದಲ್ಲಿ ನೋಡಿದರೆ ಓಡಾಡುವುದು ಹೆಚ್ಚಿನಂಶ ರೆಸಾರ್ಟಿನ ಜೀಪುಗಳು, ಮತ್ತೆ ಆಚೆಗಿರುವ ಬಾರಿಗೆ ಹೋಗುವ ಬೈಕುಗಳು. ಇಷ್ಟು ಕೇಳಿದ್ದೇ ಗಂಡಸರೆಲ್ಲ ಭವನದ ಚಾವಣಿಯನ್ನು ಮೊದಲ ಸಲ ನೋಡುವವರಂತೆ ನೋಡತೊಡಗಿದರು. ಪಂಚಾಯಿತಿ ಮೆಂಬರ್ ಶಿವಮಲ್ಲಪ್ಪನವರು ಮಾತ್ರ ಎದ್ದರು.

“ಬಾರ್‌ಗೆ ಓಗೋರು ಮನುಷ್ರಲ್ವಾ ಸಾ?”

ಚಪ್ಪಾಳೆ ಬಿತ್ತು. ಆ ಗದ್ದಲ ಅಡಗಿದ ಮೇಲೆ ನಾನು ಮಗುವನ್ನೆತ್ತಿಕೊಂಡೇ ಎದ್ದೆ. ರಸ್ತೆ ಮುಚ್ಚಿದರೆ ಇವಳನ್ನು ಆಸ್ಪತ್ರೆಗೆ ಹೇಗೆ ಒಯ್ಯಲಿ ಎಂದು ಕೇಳಿದೆ.

“ತುರ್ತಿಗೆ ವ್ಯವಸ್ಥೆ ಮಾಡ್ತೀವಮ್ಮ.”

“ಏನು ವ್ಯವಸ್ಥೆ, ಸಾರ್?”

“ಅದು ಪರಿಶೀಲನೆಯಲ್ಲಿದೆ.”

ಕೊನೆಗೆ ಒಂದು ರಿಯಾಯಿತಿ ಹೇಳಿದರು. ದೇವಸ್ಥಾನಕ್ಕೆ ಹೋಗುವ ದಾರಿಗಳನ್ನು ಇಲಾಖೆ ಮುಟ್ಟುವುದಿಲ್ಲ. ಅದು ಸೂಕ್ಷ್ಮ ವಿಷಯವಂತೆ. ಅಂದರೆ ದೇವರು ಸೂಕ್ಷ್ಮ, ನನ್ನ ಮಗಳು ಪರಿಶೀಲನೆಯಲ್ಲಿ. ಸಭೆಯಲ್ಲಿ ಹಂಚಿದ ವಡೆ ಮಾತ್ರ ಚೆನ್ನಾಗಿತ್ತು ಎಂದು ಎಲ್ಲರೂ ಒಪ್ಪಿಕೊಂಡರು.

ಸೆಪ್ಟೆಂಬರ್ ೧೯, ಶುಕ್ರವಾರ

ಡಾಕ್ಟರ ಹತ್ತಿರ ತೋರಿಸಿಕೊಂಡು ಬಂದೆವು. ಜ್ವರದ ಫಿಟ್ಸು ಮಕ್ಕಳಿಗೆ ಬರುತ್ತದೆ, ದೊಡ್ಡವರಾಗುತ್ತ ತಾನೇ ನಿಂತುಹೋಗುತ್ತದೆ ಎಂದರು. ಮತ್ತೆ ಬಂದರೆ ಬೈಕು ಹತ್ತಬೇಡಿ, ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಗಡಿಯಾರ ನೋಡುತ್ತ ಕೂತಿರಿ, ಬೇಗ ನಿಲ್ಲದಿದ್ದರೆ ಮಾತ್ರ ಓಡಿಬನ್ನಿ, ನಿಂತರೆ ನಿಧಾನವಾಗಿ ಬನ್ನಿ ಎಂದರು. ಗಡಿಯಾರ ನೋಡುತ್ತ ಕೂತಿರಬೇಕಂತೆ. ಅವರ ಮಗುವಲ್ಲವಲ್ಲ.

ಬರುವಾಗ ಕಾಡಿನ ರಸ್ತೆಯಲ್ಲಿ ರೆಸಾರ್ಟಿನ ಜೀಪು ನಿಂತಿತ್ತು. ಒಳಗಿದ್ದವರು ಕೋತಿಗಳಿಗೆ ಚಿಪ್ಸು ಎಸೆಯುತ್ತಿದ್ದರು. ದಾರಿ ಬಿಡಲಿಲ್ಲ. ಇವತ್ತು ಜ್ವರವಿರಲಿಲ್ಲ, ಸರಿ. ಇದ್ದಿದ್ದರೆ?

ಸೆಪ್ಟೆಂಬರ್ ೨೮, ಭಾನುವಾರ

ಶಿವಮಲ್ಲಪ್ಪನವರು ನಮ್ಮ ಬೀದಿಗೆ ಬಂದಿದ್ದರು. ಚುನಾವಣೆ ಇಲ್ಲದ ವರ್ಷ ಅವರು ಈ ಕಡೆ ಬಂದದ್ದು ನಾನು ಕಾಣೆ. ಕುರ್ಚಿ ಹಾಕಿದರೆ ಕೂರಲಿಲ್ಲ. ಅತ್ತೆ ಟೀ ಎಂದರೆ, “ಈಗ್ತಾನೆ ಕುಡ್ಕೊಂಡು ಬಂದೆ ಮುದ್ದಮ್ಮ,” ಎಂದರು. ನಮ್ಮ ಬೀದಿಗೆ ಬರುವ ಅವರ ಕಡೆಯವರೆಲ್ಲ ಯಾವಾಗಲೂ ಈಗತಾನೆ ಕುಡಿದುಕೊಂಡೇ ಬಂದಿರುತ್ತಾರೆ.

“ನೀನು ಓದ್ದೋಳು. ರಸ್ತೆ ಮುಚ್ಬೇಡಿ ಅಂತ ಒಂದು ಅರ್ಜಿ ಬರ್ಕೊಡವ್ವ. ಮುಂದ್ಲ ವಾರ ಜೆಸಿಬಿ ಬತ್ತದಂತೆ.”

ನನಗೆ ತಲೆ ಧಿಂ ಎನ್ನುತ್ತಿತ್ತು. ನಿದ್ದೆಗೆಟ್ಟವರ ಬಾಯಿ ಅವರ ಮಾತು ಕೇಳುವುದಿಲ್ಲ. “ಅರ್ಜಿಗಿಂತ ಒಂದು ದೇವರು ವಾಸಿ. ದೇವಸ್ಥಾನದ ದಾರಿ ಮುಟ್ಟಲ್ಲ ಅಂದರಲ್ಲ,” ಎಂದುಬಿಟ್ಟೆ.

“ಅಲ್ಲಿ ದೇವಸ್ಥಾನ ಇಲ್ವಲ್ಲ.”

“ಇಲ್ಲ ಅಂದರೆ ಇಡಬೇಕು.”

ತಮಾಷೆಗೆ ಅಂದದ್ದು. ಅವರು ನಗಲಿಲ್ಲ. ನನ್ನನ್ನು ಬಹಳ ಹೊತ್ತು ನೋಡಿದರು. ನನ್ನ ಹಿಂದಿನ ಗೋಡೆಯಿಂದ ಬುದ್ಧ ಮತ್ತು ಬಾಬಾಸಾಹೇಬರೂ ನೋಡಿರಬೇಕು. ನಾನು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ಮಗಳಿಗೋಸ್ಕರ, ಎಂದು ಮನಸ್ಸಿನಲ್ಲೇ ಇಬ್ಬರಿಗೂ ಹೇಳಿದೆ.

ಅಕ್ಟೋಬರ್ ೬, ಸೋಮವಾರ

ದೇವರಾಯಿತು.

ಹೊಸ ಕಲ್ಲಾದರೆ ಅನುಮಾನ ಬರುತ್ತದೆ, ಹಳೆಯದೇ ಬೇಕು, ನುಣ್ಣಗಿರಬೇಕು ಎಂದರಂತೆ ಶಿವಮಲ್ಲಪ್ಪನವರು. ಮೇಲಿನ ಬೀದಿಯವರ ಮನೆಗಳಲ್ಲಿ ಈಗ ವಾಷಿಂಗ್ ಮಷೀನು. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿದ್ದು ನಮ್ಮ ಹಿತ್ತಿಲ ಬಟ್ಟೆ ಒಗೆಯುವ ಕಲ್ಲು. ನಮ್ಮ ಮೈದುನ ಜಗನ್ ತನ್ನ ಆಟೋದಲ್ಲೇ ಸಾಗಿಸಿದ. ನೆನ್ನೆ ಧನುಶ್ರೀಯ ಲಂಗೋಟಿ ಒಗೆದ ಕಲ್ಲು ಇವತ್ತು ಅರಿಸಿನ ಕುಂಕುಮ ಬಳಿದುಕೊಂಡು, ಬೆಳ್ಳಿ ಕಣ್ಣು ಅಂಟಿಸಿಕೊಂಡು, ಬೇವಿನ ಸೊಪ್ಪಿನ ನಡುವೆ ಮಲಗಿದೆ. ಹೆಸರು ದಾರಿ ಮಾರಮ್ಮ. ಉದ್ಭವ ಅಂತೆ.

ಎಲ್ಲಿಡಬೇಕು ಎಂಬುದಕ್ಕೆ ದೊಡ್ಡ ಚರ್ಚೆಯಾಯಿತು ಎಂದ ಜಗನ್. ರಸ್ತೆ ಕಾಡಿಗೆ ಹೊಗುವ ಬಾಯಿ ನಮ್ಮ ಬೀದಿಯ ಕೊನೆಯಲ್ಲೇ ಇದೆ. ಅಲ್ಲಿ ಎರಡೂ ಪಕ್ಕ ಆಳವಾದ ಆನೆ ಕಂದಕ, ನಡುವೆ ಒಂದೇ ಗಾಡಿ ಹಿಡಿಯುವಷ್ಟು ಜಾಗ. ಪಕ್ಕದಲ್ಲಿಡೋಣ ಎಂದು ಯಾರೋ ಅಂದಿದ್ದಕ್ಕೆ ಶಿವಮಲ್ಲಪ್ಪನವರು, “ಪಕ್ಕದಲ್ಲಿಟ್ರೆ ಜೆಸಿಬಿ ಪಕ್ಕದಲ್ಲೇ ಓಯ್ತದೆ ಕಣ್ಲಾ. ನಟ್ಟನಡೂವೆ ಇಡು,” ಎಂದರಂತೆ. ಎಲ್ಲರೂ ತಲೆದೂಗಿದರಂತೆ.

ಅಕ್ಟೋಬರ್ ೭, ಮಂಗಳವಾರ

ಜೆಸಿಬಿ ಬಂತು. ಆಯುಧಪೂಜೆಯ ಕುಂಬಳಕಾಯಿಯ ಕುಂಕುಮ ಅದರ ಚಕ್ರಕ್ಕೆ ಇನ್ನೂ ಮೆತ್ತಿತ್ತು. ಡ್ರೈವರ್ ಇಳಿದ, ಅಮ್ಮನನ್ನು ಕಂಡ, ಚಪ್ಪಲಿ ಬಿಟ್ಟ, ಕೈಮುಗಿದ. “ಸಾ, ನನ್ ಕೈಲಾಗಲ್ಲ, ಮಕ್ಳೊಂದಿಗ,” ಎಂದು ರಾಮಚಂದ್ರ ಅವರಿಗೆ ಫೋನು ಮಾಡಿ, ಒಂದು ಕಾಯಿ ಒಡೆದು, ಹೊರಟುಹೋದ.

ಊರೆಲ್ಲ ಕುಣಿಯಿತು. ನಾನೂ ಮಗುವನ್ನೆತ್ತಿ ಮುದ್ದಾಡಿದೆ. ಇನ್ನು ಎಷ್ಟು ಹೊತ್ತಿಗೆ ಬೇಕಾದರೂ ಆಸ್ಪತ್ರೆ ನಮ್ಮದು.

ಅಕ್ಟೋಬರ್ ೮, ಬುಧವಾರ

ರಸ್ತೆ ಉಳಿಯಿತು. ಅದರಲ್ಲಿ ಹೋಗುವಂತಿಲ್ಲ.

ಬೆಳಿಗ್ಗೆ ಶಿವಮಲ್ಲಪ್ಪನವರೇ ಮೊದಲು ಬೈಕು ತಂದರು. ಆಟೋ ಟ್ರ್ಯಾಕ್ಟರು ಹೇಗೂ ಹಿಡಿಯುವುದಿಲ್ಲ, ಬೈಕಾದರೂ ಕಲ್ಲಿನ ಪಕ್ಕ ತೂರುತ್ತದೆ ಎಂದು ಅವರ ಎಣಿಕೆ. ಹೂ ಕಟ್ಟುತ್ತ ಕೂತಿದ್ದ ಮುದುಕಿಯರು ಅಡ್ಡ ಬಂದರು.

“ಅಮ್ಮನ ಮಗ್ಗುಲಲ್ಲಿ ಟೈರು ಓಡುಸ್ತೀಯಾ? ನಿನ್ ವಂಶ ಉಳ್ದಾದಾ?”

“ಲೇ, ರಸ್ತೆ ಉಳೀಲಿ ಅಂತ್ಲೇ ಅಲ್ವಾ ಅಮ್ಮನ್ನ ಇಟ್ಟಿದ್ದು?”

“ಇಟ್ಟಿದ್ದು ಅಂದ್ರೆ ಏನು ಮಾತು? ಅವ್ಳಾಗೇ ಬಂದೋಳು ಅಂತ ನೀನೇ ಯೇಳ್ದೆ.”

ಅವರು ಬೈಕು ತಿರುಗಿಸಿದರು. ರವಿ ಹುಲ್ಲಹಳ್ಳಿ ಮೇಲೆ ಶಿಫ್ಟಿಗೆ ಹೋದರು. ನಾನು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ. ಹಾಲು ಉಕ್ಕಿ ಒಲೆ ಆರಿತು.

ಅಕ್ಟೋಬರ್ ೧೭, ಶುಕ್ರವಾರ

ಅಮ್ಮನನ್ನು ನಾಲ್ಕು ಮಾರು ಆಚೆಗೆ ಸರಿಸೋಣ ಎಂದು ಪಂಚಾಯಿತಿ ತೀರ್ಮಾನ ಮಾಡಿತು. ಆದರೆ ಅಮ್ಮನ ಅಪ್ಪಣೆ ಬೇಡವೇ? ಹೂ ಕೇಳಿದರು. ಶಿವಮಲ್ಲಪ್ಪನವರ ಭಾವಮೈದ ನಾಗಯ್ಯನೇ ಈಗ ಪೂಜಾರಿ. ಒದ್ದೆ ಸೇವಂತಿಗೆಯನ್ನು ಕಲ್ಲಿನ ನೆತ್ತಿಯ ಮೇಲೆ ಅಂಟಿಸಿ, “ಸರಿಯೋ ಮನಸಿದ್ರೆ ಬಲಕ್ಕೆ ಕೊಡು ತಾಯಿ,” ಎಂದು ಬೇಡಿಕೊಂಡ. ಹೂ ಎಡಕ್ಕೆ ಜಾರಿತು. ಮತ್ತೆ ಕೇಳಿದರು, ಎಡಕ್ಕೆ. ತಪ್ಪು ಕಾಣಿಕೆ ಕಟ್ಟಿ ಕೇಳಿದರು, ಎಡಕ್ಕೆ.

ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಸೋಪಿನ ನೀರು ಬಾಳೆಗಿಡದ ಬುಡಕ್ಕೆ ಹರಿಯಲಿ ಎಂದು ಮಾವ ಆ ಕಲ್ಲನ್ನು ಎಡಕ್ಕೆ ಇಳುಕಲಾಗಿಯೇ ಕೆತ್ತಿಸಿದ್ದರು. ಒಗೆದು ಒಗೆದು ಅದು ಇನ್ನಷ್ಟು ಸವೆದಿದೆ. ಪ್ರಳಯವಾದರೂ ಅದರ ಮೇಲಿಂದ ಹೂ ಬಲಕ್ಕೆ ಬೀಳಲಾರದು.

ನಾನು ಬಾಯಿ ತೆರೆದೆ. ಅತ್ತೆ ತೋಳು ಚಿವುಟಿದರು. ಮನೆಗೆ ಬಂದು ಕೇಳಿದೆ, “ಹೇಳಬಾರದಿತ್ತಾ ಅತ್ತೆ?”

“ಏನಂತ ಯೇಳಿಯೇ? ನಮ್ ಸೋಪಿನ್ ನೀರ್ಗೆ ಅಡ್ಬಿದ್ದವ್ರೆ ಅಂತ್ಲಾ? ಬೀಳ್ಲಿ ಬುಡು. ಸೊಂಟ ಸಡ್ಲಾಗ್ಲಿ.”

ನಗು ಬಂತು. ಆಮೇಲೆ ಮಗುವಿನ ಹಣೆ ಮುಟ್ಟಿ ನೋಡಿದೆ. ಬಿಸಿ ಇರಲಿಲ್ಲ. ಮತ್ತೆ ಮುಟ್ಟಿ ನೋಡಿದೆ.

ಅಕ್ಟೋಬರ್ ೨೬, ಭಾನುವಾರ

ಅಮ್ಮನ ಸುತ್ತ ಈಗ ಹಗ್ಗ ಕಟ್ಟಿದ್ದಾರೆ. ಜನ ಹೆಚ್ಚಾದರು, ಶಿಸ್ತು ಬೇಕಲ್ಲ. ಮೇಲಿನ ಬೀದಿಯವರು ಹಗ್ಗದ ಒಳಗೆ, ನಾವು ಹೊರಗೆ. ಯಾರೂ ಹಾಗೆಂದು ಬಾಯಿಬಿಟ್ಟು ಹೇಳಿಲ್ಲ. ಅತ್ತೆ ಹಣ್ಣುಕಾಯಿ ಹಿಡಿದು ಒಳಗೆ ಕಾಲಿಡುವಾಗ ನಾಗಯ್ಯ ಓಡಿಬಂದು, “ಅಲ್ಲೇ ಕೊಡಿ ಮುದ್ದಮ್ಮೋರೆ, ನಾನೇ ಮಾಡ್ಕೊಡ್ತೀನಿ, ನಿಮ್ಗ್ಯಾಕೆ ತೊಂದ್ರೆ,” ಎಂದನಂತೆ. ಬಹಳ ಮರ್ಯಾದೆಯಿಂದ.

ಅತ್ತೆ ಕಾಯಿಯನ್ನು ಹಾಗೇ ವಾಪಸು ತಂದು ಅಡುಗೆಮನೆಯಲ್ಲಿಟ್ಟರು. “ನಾ ಮದ್ವೆಯಾಗಿ ಬಂದಾಗಿಂದ ಒಗ್ದ ಕಲ್ಲು ಕಣವ್ವ. ಈಗ ಅದು ನನ್ ಕೈಲಿ ಮುಟ್ಟುಸ್ಕೊಳ್ಳಕಿಲ್ವಂತೆ.”

ಆ ಕಾಯಿಯಲ್ಲಿ ಚಟ್ನಿ ಮಾಡಿದೆವು.

ನವೆಂಬರ್ ೫, ಬುಧವಾರ

ಫ್ಯಾಕ್ಟರಿ ಬಸ್ಸು ಹುಲ್ಲಹಳ್ಳಿ ತನಕ ಬಿಡುತ್ತದೆ, ಅಲ್ಲಿಂದ ರವಿಯನ್ನು ಜಗನ್ ಕರೆತರುತ್ತಾನೆ. ಇಬ್ಬರೂ ಹರಟೆ ಹೊಡೆಯುತ್ತ ಬರುತ್ತಾರೆ. ಬೈಕಿನ ಸದ್ದಿಗೆ ಕಾದು ಕಾದು ಅಭ್ಯಾಸವಾದ ನನ್ನ ಕಿವಿಗೆ ಈಗ ಕೆಲಸವಿಲ್ಲ.

ಮಾವ ಹೊಲದ ಅಟ್ಟಣೆಯಲ್ಲಿ ಕಾವಲಿದ್ದು ಬಂದರು. ಯಾಕೋ ಮುಖ ಸಪ್ಪಗಿತ್ತು.

“ಆನೆ ಬಂದಿದ್ವು. ಕೆರೆಗೆ ಇಳ್ದು, ನೀರ್ ಕುಡ್ದು, ಮರೀನೂ ಮೀಯ್ಸಿ, ಅಂಗೇ ಓದ್ವು. ನಮ್ ಹೊಲ್ದ ಕಡೆ ತಿರ್ಗೂ ನೋಡ್ನಿಲ್ಲ.”

“ಒಳ್ಳೇದೇ ಅಲ್ವಾ ಮಾವ?”

“ಈ ಸಲ ರಾಗಿ ಚೆನ್ನಾಗಿಲ್ವೇನೋ ಅಂತ ಯೋಚ್ನೆ.”

ನವೆಂಬರ್ ೨೫, ಮಂಗಳವಾರ

ಬಂತು. ನಾನು ಹೆದರಿದ್ದೇ ಬಂತು.

ಬೆಳಿಗ್ಗೆಯಿಂದ ಜ್ವರ. ಔಷಧಿ ಕೊಟ್ಟು ಮೈ ಒರೆಸುತ್ತಿದ್ದೆ. ಮಧ್ಯಾಹ್ನ ಇದ್ದಕ್ಕಿದ್ದಂತೆ ಕಣ್ಣು ಮೇಲಾಗಿ ಕೈಕಾಲು ಸೆಟೆದುಕೊಂಡವು. ಅತ್ತೆ ಮಗುವಿನ ಕೈಗೆ ಹಿಡಿಸಲು ಕಬ್ಬಿಣದ ಬೀಗದ ಕೈ ತಂದರು. “ಬೇಡ ಅತ್ತೆ,” ಎಂದೆ. ಚಾಪೆಯ ಮೇಲೆ ಮಗ್ಗುಲಾಗಿ ಮಲಗಿಸಿದೆ. ಕುತ್ತಿಗೆಯ ಗುಂಡಿ ಬಿಚ್ಚಿದೆ. ಗಡಿಯಾರ ನೋಡುತ್ತ ಕೂತೆ.

ಜಗನ್ ಆಟೋ ತೆಗೆದವನೇ ಕಾಡಿನ ಬಾಯಿಗೆ ಓಡಿದ. ಮಂಗಳವಾರವಾದ್ದರಿಂದ ಅಲ್ಲಿ ಜನ ತುಂಬಿತ್ತು. ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

“ಕೂಸ್ಗೆ ಫಿಟ್ಸ್ ಬಂದದೆ. ಕಲ್ಲು ಸರ್ಸಿ, ಆಟೋ ಓಗ್ಬೇಕು.”

“ಕಲ್ಲು ಅನ್ಬೇಡ ಕಣೋ,” ಎಂದ ನಾಗಯ್ಯ.

“ಇರಪ್ಪ ಜಗನ, ಕೂಸಿನ್ ಇಚಾರ. ಅಮ್ಮ ಇಲ್ಲ ಅನ್ನಲ್ಲ. ಒಂದ್ ಮಾತು ಕೇಳ್ಬುಡಾನ,” ಎಂದರು ಶಿವಮಲ್ಲಪ್ಪನವರು. ಹೇಳುತ್ತಲೇ ಟವಲನ್ನು ಸೊಂಟಕ್ಕೆ ಬಿಗಿದು ಕಲ್ಲಿಗೆ ಅಡ್ಡಬಿದ್ದರು. ಆ ಕಲ್ಲನ್ನು ಎಲ್ಲಿಂದ ಎತ್ತಿಸಿದ್ದು ಎಂಬುದು ಆ ಹೊತ್ತಿಗೆ ಅವರಿಗೇ ಮರೆತುಹೋಗಿತ್ತು.

ಹೂ ತೊಳೆದರು. ಅಂಟಿಸಿದರು. ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದರು.

ಹೂ ಬೀಳುವುದಕ್ಕೆ ಮೊದಲೇ ಮಗುವಿನ ಸೆಟೆತ ಸಡಿಲಿತು. ಒಂದು ದೊಡ್ಡ ಉಸಿರು ಬಿಟ್ಟಳು. ಕಣ್ಣು ಹೊರಳಿಸಿ ನನ್ನನ್ನು ಗುರುತು ಹಿಡಿದು, ಅಳುವುದಕ್ಕೆ ತುಟಿ ಮಡಿಚಿದಳು.

ಜಗನ್ ವಾಪಸು ಬಂದಾಗ ಅವನ ಮುಖ ಕೆಂಪಾಗಿತ್ತು. “ಕೊಡ್ನಿಲ್ಲ ಅತ್ಗೆ. ಎಡಕ್ಕೇ ಬಿತ್ತು. ನೀವು ಊಂ ಅನ್ನಿ, ಎತ್ತಿ ಕಂದಕಕ್ಕೆ ಆಕ್ಬುಡ್ತೀನಿ.”

“ಬೇಡ. ಆಟೋ ತಿರುಗಿಸು. ಹುಲ್ಲಹಳ್ಳಿ ಮೇಲೆ ನಿಧಾನವಾಗಿ ಹೋಗೋಣ.”

ಮಗು ಅತ್ತೆಯ ತೊಡೆಯ ಮೇಲಿತ್ತು. ಹುಲ್ಲಹಳ್ಳಿ ಯಾವಾಗ ಬಂತೋ ನನಗೆ ಗೊತ್ತಿಲ್ಲ. ಆಸ್ಪತ್ರೆಯ ಮುಂದೆ ಅತ್ತೆ ಭುಜ ಅಲುಗಾಡಿಸಿ ಎಬ್ಬಿಸಿದರು. ನಾಚಿಕೆಗೇಡು. ಹೆತ್ತವಳು ಅಂಥ ಹೊತ್ತಿನಲ್ಲಿ ಗೊರಕೆ ಹೊಡೆಯುತ್ತಾಳೆಯೇ?

ಡಾಕ್ಟರು ನೋಡಿ, “ಎಲ್ಲ ಸರಿಯಾಗಿ ಮಾಡಿದ್ದೀರಲ್ಲಮ್ಮ,” ಎಂದರು. ಏನು ಮಾಡಿದೆ ಎಂದು ನನಗೆ ನೆನಪಿಲ್ಲ. ಗಡಿಯಾರ ನೋಡಿದೆ ಅಷ್ಟೆ.

ಡಿಸೆಂಬರ್ ೧೨, ಶುಕ್ರವಾರ

ರಾಮಚಂದ್ರ ಅವರಿಗೆ ಇಲಾಖೆಯಲ್ಲಿ ಪ್ರಶಂಸಾಪತ್ರ ಸಿಕ್ಕಿದೆ. ಒಂದು ಬುಟ್ಟಿ ಮಣ್ಣೂ ತೋಡದೆ, ಒಂದು ಧರಣಿಯೂ ಇಲ್ಲದೆ ಮುಚ್ಚಿದ ಏಕೈಕ ರಸ್ತೆಯಂತೆ. ‘ಸಮುದಾಯವೇ ಸ್ವಯಂಪ್ರೇರಣೆಯಿಂದ ಮುಂದೆ ಬಂದು’ ಎಂದು ಬೋರ್ಡು ನೆಡಲು ಬಂದಿದ್ದರು. ಬೋರ್ಡಿನ ಕೆಳಗೆ ಬರೆಯಲು ಅಮ್ಮನ ಇತಿಹಾಸ ನಾಲ್ಕು ಸಾಲು ಬೇಕು, ನೀವು ಹಿಸ್ಟರಿ ಓದಿದವರಲ್ಲವೇ ಎಂದರು.

“ಆಧಾರ ಸಿಗುವುದು ಕಷ್ಟ, ಸಾರ್.”

“ದೇವರಿಗೆ ಆಧಾರ ಯಾಕಮ್ಮ?”

“ಸೂಕ್ಷ್ಮ ವಿಷಯ ಅಲ್ವಾ, ಸಾರ್. ಪರಿಶೀಲಿಸುತ್ತೇನೆ,” ಎಂದೆ.

ಅವರು ನಕ್ಕರು. ತುರ್ತಿಗೆ ಇಲಾಖೆಯ ಜೀಪು ಕರೆಯುವ ನಂಬರನ್ನು ತಾವಾಗಿಯೇ ಕೊಟ್ಟರು. ಅದನ್ನು ಫೋನಿನಲ್ಲಿ ಹಾಕಿಕೊಂಡೆ. ಹೋಗುವ ಮೊದಲು ಹಗ್ಗದ ಆಚೆಗಿನ ರಸ್ತೆ ತೋರಿಸಿದರು. ಗಾಡಿಯ ಜಾಡಿನಲ್ಲಿ ಹುಲ್ಲು ಮೊಣಕಾಲು ಮುಟ್ಟಿದೆ. ಜಿಂಕೆಗಳು ಮಲಗೆದ್ದ ಗುರುತು. ಧನುಶ್ರೀ ಅಲ್ಲಿ ನಿಂತಿದ್ದ ಒಂದು ಜಿಂಕೆಯನ್ನು ನೋಡಿ “ಬೌಬೌ” ಎಂದಳು. ಜಿಂಕೆಗೆ ಬೇಸರವಾದಂತೆ ಕಾಣಲಿಲ್ಲ.

ಜನವರಿ ೧೮, ೨೦೨೬, ಭಾನುವಾರ

ಬರೆದು ಎಷ್ಟೋ ದಿನವಾಯಿತು. ಮಧ್ಯಾಹ್ನ ಬರೆಯೋಣವೆಂದರೆ ಮಗುವಿನ ಜೊತೆ ನನಗೂ ಕಣ್ಣು ಹತ್ತಿಬಿಡುತ್ತದೆ. ಹೊತ್ತೇ ಸಿಗುವುದಿಲ್ಲ.

ಇವತ್ತು ಸೋರೆಹುಂಡಿಯಿಂದ ಇಬ್ಬರು ಬಂದಿದ್ದರು. ಜಗಲಿಯ ಮೇಲೆ ಕೂತರು, ಅತ್ತೆ ಕೊಟ್ಟ ಟೀ ಕುಡಿದರು. ಅವರ ಊರಿನ ಕಾಡು ರಸ್ತೆಯನ್ನೂ ಅನಗತ್ಯಕ್ಕೆ ಸೇರಿಸಿದ್ದಾರಂತೆ.

“ದೇವ್ರು ಇಡೋ ಇಚಾರ ನಿಮ್ದಂತಲ್ಲ ಮೇಡಂ. ಶಿವಮಲ್ಲಪ್ನೋರು ಗುಟ್ಟಾಗಿ ಯೇಳುದ್ರು. ನಮ್ಗೂ ಒಂದು ದಾರಿ ತೋರ್ಸಿ.”

ಆ ರಸ್ತೆಯಲ್ಲಿ ಆಸ್ಪತ್ರೆಗೆ ಹೋಗುತ್ತೀರಾ ಎಂದು ಕೇಳಿದೆ.

“ಇಲ್ಲ ಮೇಡಂ, ಆಸ್ಪತ್ರೆ ನಮ್ಗೆ ಮೇನ್ ರೋಡಲ್ಲೇ ಅದೆ.”

“ಸ್ಕೂಲಿಗೆ?”

“ಅದೂ ಅಲ್ಲೇ.”

“ಮತ್ತೆ ಕಾಡು ರಸ್ತೆ ಯಾತಕ್ಕೆ?”

“ಇರ್ಲಿ ಅಂತ ಮೇಡಂ,” ಎಂದ ದೊಡ್ಡವನು. “ಇರೋದು ಯಾಕೆ ಓಗ್ಬೇಕು?”

“ರಾತ್ರಿ ಆನೆ ಬರುತ್ತವಾ?”

“ಅಯ್ಯೋ, ಭತ್ತ ಎಲ್ಲ ತುಳ್ದಾಕ್ತವೆ. ಅದ್ಕೂ ರಸ್ತೆಗೂ ಏನ್ ಸಂಬಂಧ?”

ಚಿಕ್ಕವನು ಮುಂದೆ ಬಾಗಿದ. “ರಸ್ತೆ ಪಕ್ಕದಲ್ಲಿ ಚಿಕ್ಕದಾಗಿ ಒಂದು ಗುಡಿ ಕಟ್ಟುದ್ರೆ ಸಾಕಾ ಮೇಡಂ?”

ಧನುಶ್ರೀ ನನ್ನ ಸೆರಗು ಹಿಡಿದು ಎದ್ದು ನಿಲ್ಲಲು ಹೆಣಗುತ್ತಿದ್ದಳು. ಅವಳನ್ನು ಎತ್ತಿಕೊಂಡೆ.

“ಪಕ್ಕದಲ್ಲಿಟ್ಟರೆ ಜೆಸಿಬಿ ಪಕ್ಕದಲ್ಲೇ ಹೋಗುತ್ತೆ,” ಎಂದೆ. “ನಟ್ಟನಡುವೆ ಇಡಿ.”

ಅವರು ಅದನ್ನು ಫೋನಿನಲ್ಲಿ ಬರೆದುಕೊಂಡರು. ದೊಡ್ಡವನು ಉಪಕಾರವಾಯಿತು ಎಂದು ಕೈಮುಗಿದ. ಅತ್ತೆ ಒಳಗಿಂದ ಬಂದು, ಯಾರೂ ಕೇಳದಿದ್ದರೂ, ಅವರಿಬ್ಬರಿಗೂ ಇನ್ನೊಂದೊಂದು ಲೋಟ ಟೀ ಕೊಟ್ಟರು.